ಸುರ್ವಾ ನೋಡಲು ಪೆರ್ನಿಕ್ ಪೇಟೆಯೋ, ಪಕ್ಕದ ಹಳ್ಳಿಯೋ?

ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಕೆಲಸಕ್ಕಿರುವವರು ಚಳಿಗಾಲದ ಮುಖವಾಡದ ಕುಣಿತ ನೋಡಬೇಕೆಂದರೆ ಬಹುತೇಕ ಎಲ್ಲರೂ ತೋರಿಸುವುದು ಪೆರ್ನಿಕ್ ಪಟ್ಟಣದ ‘ಸುರ್ವಾ’ ಉತ್ಸವವನ್ನು. 1966ರಲ್ಲಿ ಶುರುವಾದದ್ದು, ಜನವರಿಯ ಕೊನೆಯ ವಾರಾಂತ್ಯದಲ್ಲಿ ನಡೆಯುತ್ತದೆ. ಆದರೆ ಅದರ ಬೇರು ಇರುವುದು ಸುತ್ತಲಿನ ಹಳ್ಳಿಗಳಲ್ಲಿ. ಅಲ್ಲಿ ಜನವರಿ 13ರ ರಾತ್ರಿ ಬೆಂಕಿ, 14ರ ಬೆಳಗ್ಗೆ ಮನೆ ಮನೆ ಸುತ್ತಾಟ. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಈ ಹಳ್ಳಿಯ ಆಚರಣೆಯೇ. ಮೊದಲೇ ಹೇಳಿಬಿಡುತ್ತೇನೆ: ನನ್ನ ಓಟು ಹಳ್ಳಿಗೆ.

ಪೇಟೆಯ ಉತ್ಸವದಲ್ಲಿ ದೇಶದ ಮೂಲೆಮೂಲೆಯ ತಂಡಗಳು, ಹೊರದೇಶದವೂ ಬರುತ್ತವೆ. ಬೀದಿಯಲ್ಲಿ ನಿಂತು ನೋಡಲು ಟಿಕೆಟ್ ಬೇಡ. ಸೋಫಿಯಾದಿಂದ ಮೂವತ್ತು ಕಿಲೋಮೀಟರ್ ಚಿಲ್ಲರೆ. ರೈಲೂ ಇದೆ, ಓವ್ಚಾ ಕುಪೆಲ್ ಬಸ್ ನಿಲ್ದಾಣದಿಂದ ಬಸ್ಸೂ ಇದೆ. ಮಕ್ಕಳಿದ್ದರೆ, ರಜೆ ಇಲ್ಲದಿದ್ದರೆ ಇದೇ ಸಲೀಸು.

ಕೊರತೆ ಇರುವುದು ಕಿವಿಗೆ. ಸೊಂಟಕ್ಕೆ ಕಟ್ಟುವ ಗಂಟೆಗಳಲ್ಲಿ ಎರಡು ಜಾತಿ: ಎರಕ ಹೊಯ್ದ ‘ಚಾನ್’, ಕಬ್ಬಿಣದ ತಗಡು ಬಡಿದು ಮಾಡಿದ ‘ಹ್ಲೋಪ್ಕಾ’. ಚಾನ್ ಝಣ್ಣೆಂದು ಎಳೆಯುತ್ತದೆ, ಹ್ಲೋಪ್ಕಾ ಧಡ್ ಧಡ್ ಎಂದು ಅಲ್ಲೇ ಮುಗಿಯುತ್ತದೆ. ಮೆರವಣಿಗೆಯಲ್ಲಿ ಹಿಂದಿನ ತಂಡದ ಸದ್ದು ಮುಂದಿನದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಹಳ್ಳಿಯಲ್ಲಿ ಒಂದೇ ತಂಡ. ಜಿಗಿತಕ್ಕೂ ಗಂಟೆಗೂ ಇರುವ ತಾಳ ನಿಮ್ಮ ಎದೆಗೇ ಬಡಿಯುತ್ತದೆ. ಅಂದಹಾಗೆ ಈ ಸೀಮೆಯಲ್ಲಿ ಕುಣಿಯುವವರನ್ನು ದೇಶದ ಬೇರೆ ಕಡೆಯಂತೆ ‘ಕುಕೆರಿ’ ಅನ್ನುವುದಿಲ್ಲ, ‘ಸುರ್ವಕಾರಿ’ ಅನ್ನುತ್ತಾರೆ.

ಹಳ್ಳಿಯ ದೊಡ್ಡ ತಲೆನೋವು ತಾರೀಖು. ಹಳೆಯ ಜೂಲಿಯನ್ ಪಂಚಾಂಗ ಈಗಿನದಕ್ಕಿಂತ 13 ದಿನ ಹಿಂದೆ, ಹಾಗಾಗಿ ಅದರ ಹೊಸವರ್ಷ ಬೀಳುವುದು ಜನವರಿ 14ಕ್ಕೆ. ಬಲ್ಗೇರಿಯಾ ಸರ್ಕಾರ 1916ರಲ್ಲೇ ಪಂಚಾಂಗ ಬದಲಿಸಿತು, ಈ ಹಳ್ಳಿಗಳು ಸುರ್ವಾ ವಿಷಯದಲ್ಲಿ ಬದಲಿಸಲಿಲ್ಲ. ವಾರಾಂತ್ಯಕ್ಕೆ ತಳ್ಳುವ ಪದ್ಧತಿಯೂ ಇಲ್ಲ, ಸರ್ಕಾರಿ ರಜೆಯೂ ಅಲ್ಲ. 2027ರಲ್ಲಿ ಬುಧವಾರ-ಗುರುವಾರ, 2028ರಲ್ಲಿ ಗುರುವಾರ-ಶುಕ್ರವಾರ. ಶನಿವಾರ-ಭಾನುವಾರ ಸಿಗಬೇಕೆಂದರೆ 2029ರ ತನಕ ಕಾಯಬೇಕು. ನಮ್ಮವರಿಗೆ ಒಂದು ಸಮಾಧಾನ: ಸಂಕ್ರಾಂತಿಯೂ ಇದರ ಆಸುಪಾಸಿನಲ್ಲೇ ಬರುತ್ತದೆ, ಎರಡಕ್ಕೂ ಸೇರಿಸಿ ರಜೆ ಹಾಕಬಹುದು.

ರಜೆ ಸಿಕ್ಕಿತು ಅನ್ನಿ, ಮುಂದಿನದು ವಾಪಸಾಗುವ ಪ್ರಶ್ನೆ. ಬೆಂಕಿ ಹೊತ್ತುವುದು ಕತ್ತಲಾದ ಮೇಲೆ. ಆ ಹೊತ್ತಿನ ಮೇಲೆ ಹಳ್ಳಿ ಬಸ್ಸನ್ನು ನಂಬಿ ಕೂರಬೇಡಿ. ನಾಲ್ಕು ಜನ ಸೇರಿ ಕಾರು ಬಾಡಿಗೆಗೆ ಹಿಡಿಯುವುದೇ ಅಗ್ಗ. ಹೆದ್ದಾರಿಗೆ ವಿನ್ಯೆಟ್ಕಾ (ರಸ್ತೆ ಶುಲ್ಕ) ಕಟ್ಟಿದೆಯೇ, ಟೈರು ಚಳಿಗಾಲದ್ದೇ ಎಂದು ಕೀಲಿ ತೆಗೆದುಕೊಳ್ಳುವಾಗಲೇ ಕೇಳಿ. ನವೆಂಬರ್ 15ರಿಂದ ಮಾರ್ಚ್ 1ರ ತನಕ ಚಳಿಗಾಲದ ಟೈರು, ಇಲ್ಲವೇ ಕನಿಷ್ಠ 4 ಮಿಲಿಮೀಟರ್ ಆಳದ ಪಟ್ಟೆ ಇರುವ ಟೈರು ಕಡ್ಡಾಯ. ಗಾಡಿ ಓಡಿಸುವವರು ರಕಿಯಾ ಎಂಬ ಹಣ್ಣಿನ ಸಾರಾಯಿ ಮುಟ್ಟಬಾರದು, ಆದ್ದರಿಂದ ಆ ಒಬ್ಬರು ಯಾರೆಂದು ಮನೆಯಲ್ಲೇ ತೀರ್ಮಾನವಾಗಲಿ. ಕೋಶಾರೆವೊ, ಯಾರ್ಜಿಲೋವ್ತ್ಸಿ, ದಿವೋತಿನೊ, ಮೆಶ್ತಿತ್ಸಾ ಈ ಸಂಪ್ರದಾಯದ ಊರುಗಳು. ಒಂದೇ ರಾತ್ರಿ ನಾಲ್ಕನ್ನೂ ಮುಗಿಸಲು ಹೊರಟರೆ ಎಲ್ಲ ಕಡೆ ಅರ್ಧಂಬರ್ಧ.

ಬೆಂಕಿ ಹತ್ತಿರ ನೈಲಾನಿನ ದಪ್ಪ ಜಾಕೆಟ್ ಬೇಡ. ಕಿಡಿ ಬಿದ್ದ ಕಡೆ ಬಟ್ಟೆ ಕರಗಿ ತೂತಾಗಿ ಒಳಗಿನ ಪುಕ್ಕ ಆಚೆ ಬರುತ್ತದೆ. ಹಳೆಯ ಉಣ್ಣೆ ಕೋಟೇ ಮೇಲು. ಕುಣಿಯುವವರ ಸಾಲಿನೊಳಗೆ ಫೋನು ಹಿಡಿದು ನುಗ್ಗಬೇಡಿ, ಬೀಸುವ ಗಂಟೆ ತಾಗಿದರೆ ಮೂಳೆ ನೆನಪಿಟ್ಟುಕೊಳ್ಳುತ್ತದೆ. ತಂಡದಲ್ಲಿ ಮದುಮಕ್ಕಳು, ಪಾದ್ರಿ, ಕರಡಿ ಎಂಬ ವೇಷಗಳಿರುತ್ತವೆ. ನೋಡುವವರನ್ನು ಕೀಟಲೆ ಮಾಡುವುದೂ ಆಟದ ಭಾಗ, ಮುಖ ಸಿಂಡರಿಸಬೇಡಿ. ಕಾಣಿಕೆ ಎತ್ತುತ್ತಾರೆ, ಯೂರೋ ಚಿಲ್ಲರೆ ಇರಲಿ.

ಊಟದಲ್ಲಿ ಸಸ್ಯಾಹಾರಿಗಳಿಗೆ ಎರಡೂ ಕಡೆ ಬಾನಿತ್ಸಾ (ಚೀಸ್ ತುಂಬಿ ಬೇಯಿಸಿದ ಪದರದ ತಿಂಡಿ), ಬ್ರೆಡ್ಡೇ ಗತಿ.

ಜನವರಿ 6ರಂದು ಕಾಲೋಫೆರ್‌ನಲ್ಲಿ ಗಂಡಸರು ತುಂಜಾ ನದಿಯ ಕೊರೆಯುವ ನೀರಿಗಿಳಿದು ಹೋರೊ ಎಂಬ ಸಾಲುಕುಣಿತ ಕುಣಿಯುವುದೂ ಪ್ರಸಿದ್ಧವೇ. ಸೋಫಿಯಾದಿಂದ ದೂರ, ದಡದಲ್ಲಿ ಕಾಣುವುದು ಮುಂದಿನವರ ಟೋಪಿ. ನನ್ನ ಪಟ್ಟಿಯಲ್ಲಿ ಮೂರನೆಯದು.

ಖರ್ಚು ನೋಡಿದರೆ ಪೇಟೆಯೇ ಗೆಲ್ಲುತ್ತದೆ: ಹೋಗಿಬರುವ ರೈಲು ಟಿಕೆಟ್, ಒಂದು ಲೋಟ ಬಿಸಿ ವೈನ್, ಮುಗಿಯಿತು. ಹಳ್ಳಿಗೆ ಕಾರು, ಎರಡು ದಿನದ ರಜೆ, 14ರ ಬೆಳಗ್ಗೆಯನ್ನೂ ನೋಡುವುದಾದರೆ ಪೆರ್ನಿಕ್‌ನಲ್ಲಿ ಒಂದು ರಾತ್ರಿಯ ರೂಮು. ಹೊರಗೆ ತಿನ್ನುವುದನ್ನು ಒಂದು ತಿಂಗಳು ಬಿಟ್ಟು ಅದನ್ನು ಹೊಂದಿಸುವುದು ನನಗೆ ಒಪ್ಪಿಗೆ. ಬೆಳಗ್ಗೆ ಯಾರಾದರೂ ಮನೆಯೊಳಗೆ ಕರೆದರೆ ಒಂದು ಎಚ್ಚರ: ಇಲ್ಲಿ ತಲೆ ಅಡ್ಡ ಆಡಿಸಿದರೆ ‘ಹೂಂ’, ಮೇಲೆ ಕೆಳಗೆ ಆಡಿಸಿದರೆ ‘ಊಹೂಂ’. ಸಾಕು ಎಂದು ನಮ್ಮ ಅಭ್ಯಾಸದಂತೆ ತಲೆ ಅಲ್ಲಾಡಿಸಿದಷ್ಟೂ ರಕಿಯಾ ಸುರಿಯುತ್ತಲೇ ಇರುತ್ತಾರೆ. ಲೋಟದ ಮೇಲೆ ಅಂಗೈ ಮುಚ್ಚಿ, ಬಾಯಿಬಿಟ್ಟು ‘ನೆ’ (ಬೇಡ) ಅನ್ನಿ.