ಬ್ಯಾಲೆ ಶಾಲೆಗೆ ಸೇರಿಸುವ ಮುನ್ನ ನಿಯಮಪತ್ರದಲ್ಲಿ ಏನಿಲ್ಲ ಎಂಬುದನ್ನು ನೋಡಿ

ಹತ್ತು ವರ್ಷದ ನನ್ನ ಮಗಳ ಬಲಪಾದ ಈಗ ನಿಧಾನವಾಗಿ ಗುಣವಾಗುತ್ತಿದೆ. ಅವಳು ಜಾರಿ ಬಿದ್ದದ್ದಲ್ಲ, ಆಟದಲ್ಲಿ ಏಟು ಮಾಡಿಕೊಂಡದ್ದೂ ಅಲ್ಲ. ಬ್ಯಾಲೆ ಕಲಿಸುವ ಶಾಲೆಯೊಂದು ತನ್ನ ನಿಯಮದಂತೆಯೇ, ವಾರ ವಾರವೂ ಮಾಡಿಸಿದ ಅಭ್ಯಾಸದಿಂದ ಆದದ್ದು. ಶಾಲೆಯ ಹೆಸರನ್ನು ಹೇಳುವುದಿಲ್ಲ. ಅಲ್ಲಿ ನಡೆದದ್ದನ್ನು ಮಾತ್ರ ಬಿಡದೆ ಹೇಳುತ್ತೇನೆ. ಅಂಥದೇ ನಿಯಮಪತ್ರ ಕೈಗೆ ಬಂದ ತಂದೆತಾಯಿ ಸಹಿ ಹಾಕುವ ಮೊದಲೇ ಕೇಳಬೇಕಾದ್ದನ್ನು ಕೇಳಲಿ ಎಂಬುದಷ್ಟೇ ನನ್ನ ಉದ್ದೇಶ.

ಆ ನಿಯಮಪತ್ರ ಬಲು ಅಚ್ಚುಕಟ್ಟಾಗಿತ್ತು. ಶುಲ್ಕವನ್ನು ಯಾವ ತಾರೀಖಿನೊಳಗೆ ಕಟ್ಟಬೇಕು, ಮೀರಿದರೆ ದಂಡ ಎಷ್ಟು, ನಡುವೆ ಬಿಟ್ಟರೆ ಹಣ ವಾಪಸಿಲ್ಲ, ತಪ್ಪಿಹೋದ ತರಗತಿಗೆ ಬದಲಿ ತರಗತಿಯಿಲ್ಲ, ವಾರ್ಷಿಕ ಪ್ರದರ್ಶನದ ಉಡುಪನ್ನೂ ಶೂಗಳನ್ನೂ ಶಾಲೆಯ ಮೂಲಕವೇ ಕೊಳ್ಳಬೇಕು, ಮಕ್ಕಳ ಚಿತ್ರಗಳನ್ನು ಪ್ರಚಾರಕ್ಕೆ ಬಳಸುವ ಹಕ್ಕು ಶಾಲೆಗೆ ಸೇರಿದ್ದು, ಹೀಗೆ ಪುಟದ ಮೇಲೆ ಪುಟ. ತರಗತಿಗೆ ಮುನ್ನ ಮಗು ಮೈಯನ್ನು ಹೇಗೆ ಸಜ್ಜುಗೊಳಿಸಿಕೊಳ್ಳಬೇಕು, ನೋವಾದರೆ ಯಾರಿಗೆ ಹೇಳಬೇಕು, ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ಶೂವನ್ನು ಯಾವಾಗ ಹಾಕಿಸುತ್ತಾರೆ, ಅದನ್ನು ಯಾರು ಏನನ್ನು ನೋಡಿ ತೀರ್ಮಾನಿಸುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ.

ಶಿಸ್ತಿನ ಮೇಲೆ ನನಗೆ ಯಾವ ತಕರಾರೂ ಇಲ್ಲ. ಮೈಗೆ ಅಂಟುವ ಉಡುಪನ್ನೇ ಧರಿಸಬೇಕು ಎನ್ನುವುದು ಸರಿಯಾದ ನಿಯಮ. ಮಂಡಿ ಮಡಿಸಿದಾಗ ಅದು ಪಾದದ ಬೆರಳುಗಳ ನೇರಕ್ಕೆ ಬರುತ್ತಿದೆಯೋ ಒಳಕ್ಕೆ ವಾಲುತ್ತಿದೆಯೋ ಎಂಬುದು ಸಡಿಲ ಪೈಜಾಮದೊಳಗೆ ಶಿಕ್ಷಕರಿಗೆ ಕಾಣುವುದಿಲ್ಲ. ಕೂದಲನ್ನು ಬಿಗಿಯಾಗಿ ಕಟ್ಟಬೇಕು, ಆಭರಣ ಬೇಡ ಎನ್ನುವುದಕ್ಕೂ ಕಾರಣವಿದೆ. ತಿರುಗುವಾಗ ಜಡೆ ಮುಖಕ್ಕೆ ಬಡಿಯುತ್ತದೆ, ಬಳೆ ಪಕ್ಕದ ಮಗುವಿಗೆ ತಾಗುತ್ತದೆ. ಇವೆಲ್ಲ ಮಗುವಿನ ಮೈಯನ್ನು ಕಾಯುವ ನಿಯಮಗಳು. ಆ ಶಾಲೆಯ ನಿಯಮಗಳು ಕಾಯುತ್ತಿದ್ದುದು ಹಣದ ಪೆಟ್ಟಿಗೆಯನ್ನು.

ತಡವಾಗಿ ಬಂದವರ ವಿಷಯವನ್ನೇ ನೋಡಿ. ಬ್ಯಾಲೆ ತರಗತಿ ಶುರುವಾಗುವುದು ಗೋಡೆಯ ಪಕ್ಕದ ಕಂಬಿಯನ್ನು ಹಿಡಿದುಕೊಂಡು. ಅದಕ್ಕೆ ಬಾರ್ ಎನ್ನುತ್ತಾರೆ. ಮೊದಲು ಮಂಡಿಯನ್ನು ಮೆಲ್ಲಗೆ ಮಡಿಸುವ ಪ್ಲಿಯೆ, ಆಮೇಲೆ ಪಾದವನ್ನು ನೆಲಕ್ಕೆ ಉಜ್ಜುತ್ತ ಚಾಚುವ ಟಾಂಡು, ಹೀಗೆ ಸಣ್ಣ ಚಲನೆಯಿಂದ ದೊಡ್ಡದಕ್ಕೆ ಏರುತ್ತ ಹೋಗಿ ಕಾಲನ್ನು ಎತ್ತರಕ್ಕೆ ಬೀಸುವುದು ಕೊನೆಗೆ. ಸ್ನಾಯುಗಳು ಬೆಚ್ಚಗಾದ ಮೇಲೆಯೇ ಕೋಣೆಯ ನಡುವಿನ ಅಭ್ಯಾಸ, ಅದರ ನಂತರ ಜಿಗಿತಗಳು. ಈ ಕ್ರಮ ಬರಿಯ ಸಂಪ್ರದಾಯವಲ್ಲ, ಇಡೀ ತರಗತಿ ನಿಂತಿರುವುದೇ ಇದರ ಮೇಲೆ. ಆದ್ದರಿಂದಲೇ ಒಳ್ಳೆಯ ಶಾಲೆಗಳು ಬಾರ್ ತಪ್ಪಿಸಿಕೊಂಡ ಮಗುವನ್ನು ಪಕ್ಕದಲ್ಲಿ ಕೂರಿಸಿ ನೋಡಲು ಹೇಳುತ್ತವೆ. ನೋಡುವ ಮಗುವಿಗೆ ಬೇಸರವಾಗಬಹುದು, ಆದರೆ ಪೆಟ್ಟಾಗುವುದಿಲ್ಲ. ನಮ್ಮ ಶಾಲೆಯಲ್ಲಿ ತಡವಾದರೆ ದಂಡ. ದಂಡ ಕಟ್ಟಿದ ಮಗು ನೇರವಾಗಿ ಒಳಗೆ. ಒಂದು ಸಂಜೆ ಮಳೆಗೆ ಸಿಕ್ಕಿ ನಾವು ತಲುಪುವ ಹೊತ್ತಿಗೆ ಒಳಗೆ ಜಿಗಿತ ನಡೆಯುತ್ತಿತ್ತು. ಮೇಜಿನ ಹಿಂದಿದ್ದವರು ರಸೀದಿ ಹರಿದುಕೊಟ್ಟರು, ಶಿಕ್ಷಕಿ ಕೈಸನ್ನೆ ಮಾಡಿ ಅವಳನ್ನು ಸಾಲಿಗೆ ಸೇರಿಸಿಕೊಂಡರು. ಒದ್ದೆ ಜಾಕೆಟ್ ಬಿಚ್ಚಿದ ಮರುಕ್ಷಣವೇ ತಣ್ಣನೆಯ ಕಾಲುಗಳಲ್ಲಿ ಮಗು ಜಿಗಿಯುತ್ತಿತ್ತು. “ಸ್ವಲ್ಪ ಮೈ ಬಿಸಿ ಮಾಡಿಕೊಳ್ಳಲಿ” ಎಂದು ಬಾಗಿಲಲ್ಲೇ ಕೇಳಿದೆ. “ಜಿಗಿದರೆ ತಾನಾಗಿಯೇ ಬಿಸಿಯಾಗುತ್ತದೆ, ಮೇಡಂ” ಎಂಬ ಉತ್ತರ ಬಂತು.

ನೆಲದ ಬಗ್ಗೆಯೂ ಒಂದು ಮಾತು. ನೃತ್ಯಕ್ಕೆಂದು ಮಾಡಿದ ಮರದ ನೆಲ ಅಡಿಯಲ್ಲಿ ತುಸು ಪುಟಿಯುವಂತಿರುತ್ತದೆ, ಇಳಿಯುವ ಕಾಲಿನ ಹೊಡೆತವನ್ನು ತಾನು ಹೀರಿಕೊಳ್ಳುತ್ತದೆ. ಕಾಂಕ್ರೀಟಿನ ಮೇಲೆ ಒಂದು ಪದರ ವಿನೈಲ್ ಹಾಸಿದರೆ ಜಾರುವುದು ತಪ್ಪುತ್ತದೆಯೇ ಹೊರತು ಹೊಡೆತ ತಪ್ಪುವುದಿಲ್ಲ, ಅದು ಮೊಣಕಾಲಿಗೂ ಕಣಕಾಲಿಗೂ ಹೋಗುತ್ತದೆ. ಅಲ್ಲಿದ್ದದ್ದು ಎರಡನೆಯದು.

ಇನ್ನು ಪಾಯಿಂಟ್ ಶೂ. ವಾರ್ಷಿಕ ಪ್ರದರ್ಶನ ಹತ್ತಿರ ಬಂದಾಗ ಮಗಳ ತಂಡದವರೆಲ್ಲ ಪಾಯಿಂಟ್ ಶೂ ಧರಿಸುತ್ತಾರೆ ಎಂದು ಸುತ್ತೋಲೆ ಬಂತು. ಅವಳು ವಾರಕ್ಕೆ ಹೋಗುತ್ತಿದ್ದುದು ಒಂದೇ ತರಗತಿಗೆ. ಯಾರೂ ಅವಳ ಪಾದ ಮುಟ್ಟಿ ನೋಡಲಿಲ್ಲ. ಶಾಲೆಗೆ ಹಾಕಿಕೊಂಡು ಹೋಗುವ ಶೂವಿನ ಅಳತೆಯನ್ನು ಕೇಳಿ ಬರೆದುಕೊಂಡು, ಎಲ್ಲರಿಗೂ ಒಂದೇ ಮಾದರಿಯ ಪೆಟ್ಟಿಗೆಗಳನ್ನು ತರಿಸಿದರು. ಬೆಳೆಯುವ ಮಕ್ಕಳಾದ್ದರಿಂದ ಒಂದು ಅಳತೆ ದೊಡ್ಡದೇ ಇರಲಿ ಎಂದರು.

ಪಾಯಿಂಟ್ ಶೂವಿನ ಮುಂದಿನ ಗಟ್ಟಿ ಭಾಗವನ್ನು ಬಟ್ಟೆ, ಕಾಗದಗಳ ಪದರಗಳಿಗೆ ಅಂಟು ಹಾಕಿ ಮಾಡಿರುತ್ತಾರೆ. ಅದು ಪಾದವನ್ನು ಸುತ್ತಲಿಂದ ಬಿಗಿಯಾಗಿ ಹಿಡಿದು ಎತ್ತಬೇಕು. ಒಳಗೆ ಜಾಗ ಉಳಿದರೆ ಪಾದ ಕೆಳಕ್ಕೆ ಕುಸಿದು ಮೈಭಾರವೆಲ್ಲ ಬೆರಳ ತುದಿಗೆ ಬೀಳುತ್ತದೆ. ಬೆಳೆಯಲಿ ಎಂದು ದೊಡ್ಡದು ಕೊಳ್ಳುವ ಮಾತು ಈ ಶೂವಿಗೆ ಸಲ್ಲುವುದೇ ಇಲ್ಲ. ಉದ್ದ, ಅಗಲ, ಬೆರಳುಗಳ ಆಕಾರ ಎಲ್ಲವನ್ನೂ ನೋಡಿ, ಹಾಕಿಸಿ, ನಿಲ್ಲಿಸಿಯೇ ಆರಿಸಬೇಕು. ಮಗಳ ಶೂವಿನ ಹಿಮ್ಮಡಿಯಲ್ಲಿ ಬಟ್ಟೆ ಮಡಿಕೆ ಬೀಳುತ್ತಿತ್ತು. ತುಂಬಿಸಲು ಹತ್ತಿ ಕೊಟ್ಟರು.

ಪಾದ ನೋಯುತ್ತದೆ ಎಂದು ಅವಳು ಹೇಳಿದಾಗ ಶಿಕ್ಷಕಿಯ ಉತ್ತರ ಸಿದ್ಧವಾಗಿತ್ತು: “ಪಾಯಿಂಟ್ ಎಂದರೆ ನೋವೇ, ಅಭ್ಯಾಸವಾಗುತ್ತದೆ.” ಗುಳ್ಳೆ ಏಳುವುದು, ಮೀನಖಂಡ ಹಿಡಿದುಕೊಳ್ಳುವುದು ಒಂದು ಬಗೆಯ ನೋವು. ಬೆರಳಿಟ್ಟು ಇಲ್ಲೇ ಎಂದು ತೋರಿಸಬಲ್ಲ, ರಾತ್ರಿ ಮಲಗಿದಾಗಲೂ ಕಾಡುವ ನೋವು ಇನ್ನೊಂದು. ಮಗಳು ತೋರಿಸಿದ್ದು ಎರಡನೆಯ ಬೆರಳಿನ ಹಿಂದೆ, ಪಾದದ ನಡುಭಾಗಕ್ಕೆ ಹತ್ತಿರದ ಒಂದೇ ಜಾಗವನ್ನು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂಳೆಗೆ ಪದೇ ಪದೇ ಬೀಳುವ ಒತ್ತಡದ ಗಾಯ ಆರಂಭದಲ್ಲಿ ಎಕ್ಸ್‌ರೇಗೆ ಸಿಗದಿರುವುದು ಸಾಮಾನ್ಯ ಎಂದು ಮೂಳೆ ವೈದ್ಯರು ಎಂಆರ್‌ಐ ಮಾಡಿಸಿದರು, ಅದರಲ್ಲಿ ಕಂಡಿತು. ಬ್ಯಾಲೆ ಮಾಡುವವರಲ್ಲಿ ಒತ್ತಡದ ಗಾಯ ಹೆಚ್ಚಾಗಿ ಕಾಣಿಸುವ ಮೂಳೆಗಳಲ್ಲಿ ಇದೂ ಒಂದು ಎಂದು ಅವರು ವಿವರಿಸಿದರು.

ಪಾಯಿಂಟ್ ಶೂವನ್ನು ಎಂದು ಹಾಕಿಸಬಹುದು ಎಂಬುದು ಒಬ್ಬೊಬ್ಬ ಶಿಕ್ಷಕರ ಮರ್ಜಿಗೆ ಬಿಟ್ಟ ವಿಷಯವಲ್ಲ. ನೃತ್ಯಗಾರರ ಆರೋಗ್ಯಕ್ಕಾಗಿಯೇ ಇರುವ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಫಾರ್ ಡಾನ್ಸ್ ಮೆಡಿಸಿನ್ ಅಂಡ್ ಸೈನ್ಸ್ ಎಂಬ ಸಂಸ್ಥೆ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. 12 ವರ್ಷಕ್ಕೆ ಮೊದಲು ಬೇಡ. ವಯಸ್ಸಾದ ಮಾತ್ರಕ್ಕೆ ಸಾಲದು, ಪಾದ, ಕಣಕಾಲು, ಸೊಂಟ, ಬೆನ್ನಿನ ಬಲವನ್ನೂ ನೋಡಬೇಕು. ವಾರಕ್ಕೆ ಒಂದೇ ತರಗತಿಗೆ ಬರುವ ಮಗುವಿಗೆ ಪಾಯಿಂಟ್ ಸೂಕ್ತವಲ್ಲ. ಬಲವನ್ನು ಅಳೆಯಲು ದುಬಾರಿ ಯಂತ್ರವೇನೂ ಬೇಕಿಲ್ಲ. ಒಂಟಿ ಕಾಲಲ್ಲಿ ನಿಂತು ಹಿಮ್ಮಡಿಯನ್ನು ಪದೇ ಪದೇ ಎತ್ತಿಸುವುದು, ಒಂದು ಕಾಲನ್ನು ಹಿಂದಕ್ಕೆ ಚಾಚಿ ಮುಂದಕ್ಕೆ ಬಾಗಿ ನಿಂತ ಕಾಲಿನ ಮಂಡಿಯನ್ನು ಮಡಿಸಿಸುವುದು, ಆಗ ಸೊಂಟ ಅಲುಗುತ್ತದೆಯೇ, ಮಂಡಿ ಒಳಕ್ಕೆ ಬೀಳುತ್ತದೆಯೇ ಎಂದು ನೋಡುವುದು. ತಿಳಿದ ಶಿಕ್ಷಕರು ತರಗತಿಯಲ್ಲೇ ಮಾಡಿಸಬಹುದಾದ ಪರೀಕ್ಷೆಗಳು ಇವು. ಆ ಶಾಲೆ ನೋಡಿದ್ದು ವೇದಿಕೆಯ ಮೇಲೆ ಸಾಲು ಒಂದೇ ರೀತಿ ಕಾಣುತ್ತದೆಯೇ ಎಂಬುದನ್ನು ಮಾತ್ರ.

ವೈದ್ಯರ ಪತ್ರ ಹಿಡಿದುಕೊಂಡು ಹೋದಾಗ ನಿಯಮಪತ್ರವನ್ನೇ ಮುಂದಿಟ್ಟರು. ಗಾಯದ ರಜೆಗೂ ಶುಲ್ಕ ಕಟ್ಟಬೇಕು, ಉಡುಪಿನ ಹಣ ವಾಪಸಿಲ್ಲ, ನರ್ತಿಸದ ಮಗು ಕೋಣೆಯೊಳಗೆ ಕುಳಿತು ನೋಡುವಂತಿಲ್ಲ. ಈ ಕೊನೆಯ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಗೆಳತಿಯರ ಜೊತೆ ಇರಲಾದರೂ ಬಿಡಿ ಎಂದು ಮಗಳು ಕೇಳಿಕೊಂಡಿದ್ದಳು.

ಸೇರಿಸುವ ಮುನ್ನ ಒಂದು ಪೂರ್ತಿ ತರಗತಿಯನ್ನು ಕುಳಿತು ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಬಿಡದಿದ್ದರೆ ಅಲ್ಲಿಂದಲೇ ಹಿಂತಿರುಗಿ. ಬಿಟ್ಟರೆ, ಬಾರ್ ಅಭ್ಯಾಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ತಡವಾಗಿ ಬಂದ ಮಗುವನ್ನು ಏನು ಮಾಡುತ್ತಾರೆ ಎಂದು ಗಮನಿಸಿ. ಮೈ ತಣ್ಣಗಿರುವಾಗಲೇ ಮಕ್ಕಳ ಬೆನ್ನು ಒತ್ತಿ ಕಾಲುಗಳನ್ನು ಅಗಲಿಸುತ್ತಿದ್ದರೆ ಆ ಶಾಲೆ ಬೇಡ. ತರಗತಿಗೆ ಮುನ್ನ ಬೇಕಾದದ್ದು ಕೈಕಾಲು ಆಡಿಸುತ್ತ ಮೈ ಬಿಸಿ ಮಾಡಿಕೊಳ್ಳುವುದು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಎಳೆದು ನಿಲ್ಲುವುದರಿಂದ ಸ್ನಾಯುವಿನ ಬಲ ಆ ಹೊತ್ತಿಗೆ ಕುಗ್ಗುತ್ತದೆ, ಅದು ತರಗತಿ ಮುಗಿದ ಮೇಲೆ ಇರಲಿ. ಪಾಯಿಂಟ್ ಶೂವಿನ ತೀರ್ಮಾನವನ್ನು ಯಾರು ಹೇಗೆ ಮಾಡುತ್ತಾರೆ, ಗಾಯವಾದಾಗ ಶುಲ್ಕ ಏನಾಗುತ್ತದೆ, ಮಗುವಿನ ಚಿತ್ರ ಬಳಸಲು ಪ್ರತ್ಯೇಕ ಒಪ್ಪಿಗೆ ಪಡೆಯುತ್ತಾರೆಯೇ ಎಂಬುದಕ್ಕೆ ಬಾಯಿಮಾತಿನ ಉತ್ತರ ಬೇಡ, ಬರೆದುಕೊಡಲಿ. ಬರೆದುಕೊಡಲು ಹಿಂಜರಿದರೆ ಸಹಿ ಹಾಕಬೇಡಿ.

ಈಗಾಗಲೇ ಇಂಥ ಶೂ ಮನೆಯಲ್ಲಿದ್ದು, ಮಗು ಬಳಸುವುದಿಲ್ಲವೆಂದು ಬೇರೆಯವರ ಮಗುವಿಗೆ ಕೊಡಲು ಹೊರಟಿದ್ದರೆ ದಯವಿಟ್ಟು ಕೊಡಬೇಡಿ. ಹಾಕಿದ ಪಾದದ ಆಕಾರಕ್ಕೆ ಅದರ ಅಟ್ಟೆ ಬಾಗಿರುತ್ತದೆ, ಅಂಟು ಸಡಿಲಾಗಿರುತ್ತದೆ, ಇನ್ನೊಂದು ಪಾದವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ನಮ್ಮ ಮನೆಯಲ್ಲಿದ್ದ ಜೊತೆಯ ರಿಬ್ಬನ್ ಬಿಚ್ಚಿ, ಅಟ್ಟೆಯನ್ನು ಮುರಿದು ಎಸೆದಿದ್ದೇನೆ.