ಕೌದಿ ವ್ಯಾಪಾರ ಬೆಳೆಸಲು: ಉದ್ಯೋಗಿನಿಯೋ, ಪಿಎಂಇಜಿಪಿಯೋ?

ಬಾಗಲಕೋಟೆ ಕಡೆ ಹಳೇ ಸೀರೆ ಪದರ ಹಾಕಿ ಕೌದಿ ಹೊಲಿಯುವ ಕೈಗಳಿಗೆ ಬರವಿಲ್ಲ. ಬರ ಇರುವುದು ಬಂಡವಾಳಕ್ಕೆ. ಅದಕ್ಕೆ ಎರಡು ಸರ್ಕಾರಿ ಯೋಜನೆಗಳಿವೆ: ರಾಜ್ಯದ ಉದ್ಯೋಗಿನಿ, ಕೇಂದ್ರದ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ). ಸುಮ್ನೆ ಕೊಡುವ ಅನುದಾನ ಇವೆರಡರಲ್ಲೂ ಇಲ್ಲ. ಸಿಗುವುದು ಸಾಲದ ಜೊತೆ ಸಬ್ಸಿಡಿ.

ಉದ್ಯೋಗಿನಿ ಹೆಣ್ಣುಮಕ್ಕಳಿಗೆ ಮಾತ್ರ. ಸಾಲ 3 ಲಕ್ಷದವರೆಗೆ. ಎಸ್‌ಸಿ, ಎಸ್‌ಟಿಯವರಿಗೆ ಅರ್ಧ ಸಬ್ಸಿಡಿ, ಉಳಿದವರಿಗೆ ಶೇ 30. ಆದಾಯ ಮಿತಿ ಉಂಟು. ಹೊಲಿಗೆ ಮಷಿನ್, ಬಟ್ಟೆ, ದಾರಕ್ಕೆ ಇಷ್ಟು ಸಾಕು.

ಪಿಎಂಇಜಿಪಿಯಲ್ಲಿ ತಯಾರಿಕೆಗೆ 50 ಲಕ್ಷದವರೆಗಿನ ಯೋಜನೆ. ಹಳ್ಳಿಯ ಮಹಿಳೆಗೆ ಶೇ 35 ಸಬ್ಸಿಡಿ, ಕೈಯಿಂದ ಹಾಕುವುದು ಶೇ 5. ಕೇಳೋಕೆ ಚೆಂದ ಅಲ್ವಾ? ಆದರೆ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಸಬ್ಸಿಡಿಯೂ 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ.

ಈಗಾಗಲೇ ಮನೆಯಲ್ಲಿ ಹೊಲಿದು ಮಾರುತ್ತಿರುವ ಅಕ್ಕಂದಿರಿಗೆ ನನ್ನ ಓಟು ಉದ್ಯೋಗಿನಿಗೇ. ಮಷಿನ್ ಅಂಗಡಿಯ ಕೊಟೇಶನ್ ಮಾತ್ರ ಮೊದಲೇ ತಂದಿಟ್ಟುಕೊಳ್ಳಿ.