ಕಡಲ ನೀತಿಯೋ, ಕೆಲಸದ ಜಾಗದ ಸಮಾನತೆಯೋ: ಯಾವ ವಿಭಾಗ ಕೇಳಬೇಕು?

ಇಲಾಖೆಗೆ ಹೊಸದಾಗಿ ಸೇರಿದ್ದೀರಿ. ಅಲ್ಲಿ ಈ ಎರಡೂ ಆದ್ಯತೆಯ ವಿಷಯಗಳು. ಆರಿಸುವುದು ಕಷ್ಟವೇ ಅಲ್ವಾ?

ಕಡಲ ನೀತಿಯಲ್ಲಿ ಓದು ಜಾಸ್ತಿ. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದದಿಂದಲೇ ಶುರು ಮಾಡಬೇಕು. ದೇಶದ ಸ್ವಂತ ನೀರು ತೀರದಿಂದ 12 ನಾಟಿಕಲ್ (ಕಡಲ) ಮೈಲಿವರೆಗೆ. ಮೀನು, ಎಣ್ಣೆ, ಖನಿಜದ ಮೇಲಿನ ಹಕ್ಕು 200 ನಾಟಿಕಲ್ ಮೈಲಿವರೆಗೆ. 2030ರೊಳಗೆ ಸಮುದ್ರದ ಶೇ. 30ರಷ್ಟನ್ನು ಕಾಪಾಡುವ ಜಾಗತಿಕ ಗುರಿ 2022ರಲ್ಲಿ ಬಂತು. ನಕ್ಷೆಯ ಮೇಲೆ ಗೆರೆ ಎಳೆಯುವುದು ಸುಲಭ. ಇಷ್ಟು ದಿನ ಅದೇ ನೀರಿನಲ್ಲಿ ಬಲೆ ಬೀಸಿದವರ ಎದುರು ಕೂತು, ಅವರ ಮಾತು ಕೇಳುವುದೇ ನಿಜವಾದ ಕೆಲಸ. ಫಲ ಕಾಣಲು ವರ್ಷಗಳೇ ಹಿಡಿಯುತ್ತವೆ. ತಾಳ್ಮೆ ಇದ್ದವರಿಗೆ ಇದು ಸರಿ.

ಸಮಾನತೆಯ ಕೆಲಸ ಹತ್ತಿರದ್ದು. ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂಬ ಅಂತರರಾಷ್ಟ್ರೀಯ ಒಪ್ಪಂದ 1951ರದ್ದು. ಕೆಲಸದಲ್ಲಿ ಕಿರುಕುಳ ತಡೆಯುವ ಒಪ್ಪಂದ ಬಂದಿದ್ದು 2019ರಲ್ಲಿ. ಸಂಬಳದ ಪಟ್ಟಿ ಬಿಡಿಸಿ, ಒಂದೇ ಹುದ್ದೆಯ ಇಬ್ಬರ ಸಾಲುಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಅಲ್ಲೇ ಕಾಣುತ್ತದೆ. ಸರಿಪಡಿಸಿದರೆ ಮುಂದಿನ ತಿಂಗಳೇ ಒಬ್ಬರ ಕೈಗೆ ಹಣ ಬರಬಹುದು. ಆದರೆ ದೂರು ಕೇಳುವುದು ಮನಸ್ಸಿಗೆ ಭಾರ. ಗುಟ್ಟು ಕಾಪಾಡಲೇಬೇಕು.

ನನ್ನ ಮಾತು ಕೇಳಿದರೆ, ಮೊದಲು ಸಮಾನತೆ ವಿಭಾಗಕ್ಕೆ ಹೋಗಿ. ಅಲ್ಲಿ ಕಲಿತದ್ದು ಕಡಲಿಗೂ ಬೇಕು. ಸಂಶೋಧನಾ ಹಡಗಿನಲ್ಲಿ ಗಂಡಸರ ಅಳತೆಯ ರಕ್ಷಣಾ ಉಡುಪು ಮಾತ್ರ ಇದ್ದರೆ, ಹೆಂಗಸರು ತೊಟ್ಟಾಗ ಅದರ ತೋಳು ಬೆರಳು ದಾಟಿ ಜೋತಾಡುತ್ತದೆ. ಆ ಕೈಯಲ್ಲಿ ಒದ್ದೆ ಹಗ್ಗ ಹಿಡಿಯುವುದು ಹೇಗೆ?